ಗೌರವ ಬಾಯಿ ಕಟ್ಟಿದಾಗ

ಪ್ರವಾದಿವರ್ಯರು(ಸ) ಒಮ್ಮೆ ಮದೀನಾದ ಮಸೀದಿಯಲ್ಲಿ ಹಗಲಿನ ನಮಾಝಿಗೆ ನೇತೃತ್ವ ನೀಡುತ್ತಿದ್ದರು. ಅದು ಝುಹರೋ ಅಸರೋ ಎಂಬುದರಲ್ಲಿ ವರದಿಗಾರರಿಗೆ ಸಂದೇಹವಿದೆ. ನಾಲ್ಕು ರಕಅತ್‌ಗಳ ಆ ನಮಾಝನ್ನು ಅವರು ಎರಡಕ್ಕೇ ಮುಗಿಸಿ ಸಲಾಮ್ ಹೇಳಿದರು. ಬಳಿಕ ಎದ್ದು ಹೋಗಿ ಮಸೀದಿಯಲ್ಲಿದ್ದ ಒಂದು ಮರದ ತುಂಡಿಗೆ ಒರಗಿ ನಿಂತರು. ಮುಖದಲ್ಲಿ ಕೋಪವಿದ್ದಂತೆ ಕಾಣುತ್ತಿತ್ತು. ಅವಸರದ ಕೆಲವರು ನಮಾಝ್ ಕಡಿಮೆಯಾಯಿತೆಂದು ಮಾತಾಡಿಕೊಳ್ಳುತ್ತಾ ಹೊರಗೆ ಹೋದರು. ಹ. ಅಬೂಬಕರ್(ರ) ಮತ್ತು ಹ. ಉಮರ್(ರ) ಅಲ್ಲಿಯೇ ಇದ್ದರು. ಆದರೆ ಗೌರವಭಯದಿಂದ ಅವರಿಗೆ ಮಾತು ಹೊರಡಲಿಲ್ಲ. ಕೊನೆಗೆ ಬಾಯಿ ತೆರೆದವರು ಕೈಗಳು ಉದ್ದವಿದ್ದುದರಿಂದ ಝುಲ್ ಯದೈನ್ ಎಂದು ಕರೆಯಲ್ಪಡುತ್ತಿದ್ದ ಒಬ್ಬ ಅನುಚರರು. ನಮಾಝ್ ಕಡಿತಗೊಂಡಿತೇ, ಅಥವಾ ತಾವು ಮರೆತಿರೇ ಎಂದು ಅವರು ನೇರವಾಗಿ ಕೇಳಿದರು. ಎರಡೂ ಅಲ್ಲವೆಂದು ಪ್ರವಾದಿವರ್ಯರು(ಸ) ಹೇಳಿದರು. ಆದರೂ ಅಲ್ಲಿಗೆ ಬಿಡದೆ ಜನರತ್ತ ತಿರುಗಿ, ಇವರು ಹೇಳುತ್ತಿರುವುದು ನಿಜವೇ ಎಂದು ವಿಚಾರಿಸಿದರು. ಹೌದೆಂದು ಉತ್ತರ ಬಂತು. ಕೂಡಲೇ ಮುಂದೆ ಬಂದು ಉಳಿದ ಎರಡು ರಕಅತ್ ಪೂರ್ತಿಗೊಳಿಸಿ, ಮರೆವಿನ ಸುಜೂದ್ ನಿರ್ವಹಿಸಿದರು.

ಹ. ಅಬೂಹುರೈರಾ(ರ) ವರದಿ ಮಾಡಿರುವ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಸುಜೂದುಸ್ಸಹ್ವ್‌ನ ವಿಧಿಯನ್ನು ವಿವರಿಸುವಾಗ ನಮ್ಮ ಉಸ್ತಾದರು ಇದನ್ನು ಹೇಳುತ್ತಾರೆ. ಆದರೆ ಆ ಇಬ್ಬರು ಮಹಾನುಭಾವರ ಮೌನದ ಬಗ್ಗೆ ನಾವು ಹೆಚ್ಚು ಯೋಚಿಸುವುದಿಲ್ಲ. ಯಾವ ದೊರೆಗೂ ಅಂಜಿದವರಲ್ಲ ಅವರು. ಶತ್ರುವಿನ ಎದುರು ಸತ್ಯ ನುಡಿಯಲು ಧೈರ್ಯ ಸಾಕು. ಪ್ರೀತಿಪಾತ್ರರಾದ ಹಿರಿಯರೆದುರು ನುಡಿಯಲು ಧೈರ್ಯವೊಂದೇ ಸಾಲದು. ಅಲ್ಲಿ ನಮ್ಮ ಬಾಯಿ ಕಟ್ಟುವುದು ಗೌರವವೆಂಬ ಒಳ್ಳೆಯ ಗುಣವೇ.

ಈ ಒತ್ತಡ ಎಷ್ಟು ಬಲವಾದುದೆಂಬುದಕ್ಕೆ ನಮ್ಮ ಮಂಗಳೂರಿನಲ್ಲೇ ಒಂದು ದಾರುಣ ಉದಾಹರಣೆಯಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಮೃತಪಟ್ಟರು, ಉಳಿದವರು ಎಂಟೇ ಮಂದಿ. ಕೆಂಜಾರಿನ ಸುತ್ತಮುತ್ತಲಿನ ಜನ ಉರಿಯುತ್ತಿದ್ದ ವಿಮಾನದತ್ತ ಓಡಿ ಬಂದದ್ದನ್ನು ಕರಾವಳಿ ಮರೆಯಲಾರದು. ಮಂಗಳೂರಿನಿಂದ ಕಾಸರಗೋಡಿನ ತನಕ ಆ ದಿನದ ನೋವು ತಟ್ಟದ ಊರು ಕಡಿಮೆ.

ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ತನಿಖಾ ಮಂಡಳಿಯ ವರದಿಯನ್ನು ಸಮಾಧಾನದಿಂದ ಓದಬೇಕು. ಹಾರಾಟದ ವೇಳೆ ಪೈಲಟ್ ದೀರ್ಘ ಹೊತ್ತು ನಿದ್ರೆಯಲ್ಲಿದ್ದರು, ಎಚ್ಚೆತ್ತ ಮೇಲೂ ಅದರ ಮಂಪರು ಬಿಟ್ಟಿರಲಿಕ್ಕಿಲ್ಲ ಎಂದು ಅದು ಹೇಳುತ್ತದೆ. ವಿಮಾನ ಇಳಿಯಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ ಬರುತ್ತಿತ್ತು. ಇಳಿಸಬೇಡಿ, ಮೇಲಕ್ಕೇರಿಸಿ ಮತ್ತೊಮ್ಮೆ ಸುತ್ತಿ ಬನ್ನಿ ಎಂಬ ಅರ್ಥದ ಸೂಚನೆಯನ್ನು ಸಹ ಪೈಲಟ್ ಮೂರು ಬಾರಿ ನೀಡಿದ್ದರು. ಯಂತ್ರದ ಎಚ್ಚರಿಕೆಗಳೂ ಮೊಳಗುತ್ತಿದ್ದವು. ಪೈಲಟ್ ಕೇಳಲಿಲ್ಲ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿಯಷ್ಟು ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಸಹ ಪೈಲಟ್ ಹೇಳಿದರು, ಆದರೆ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಅಂತಹ ಸಂದರ್ಭದಲ್ಲಿ ಸಹ ಪೈಲಟ್‌ಗೆ ಎಷ್ಟು ಅಧಿಕಾರವಿದೆಯೆಂಬ ಬಗ್ಗೆ ನಿಯಮಗಳಲ್ಲೇ ಸ್ಪಷ್ಟತೆಯಿಲ್ಲದಿದ್ದುದು ಇದಕ್ಕೆ ಕಾರಣವಿರಬಹುದೆಂದು ವರದಿ ಅಭಿಪ್ರಾಯಪಡುತ್ತದೆ.

ತೀರಿಕೊಂಡವರ ಮೇಲೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆ ಆಸನದಲ್ಲಿ ಕುಳಿತಿದ್ದರೆ ನಾವೇನು ಮಾಡುತ್ತಿದ್ದೆವೆಂಬುದನ್ನು ಅಲ್ಲಾಹನೇ ಬಲ್ಲ. ಆದರೆ ಕೆಡುಕನ್ನು ಕಂಡರೆ ಕೈಯಿಂದ ತಡೆಯಬೇಕು, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದಲಾದರೂ ಅದನ್ನು ದ್ವೇಷಿಸಬೇಕೆಂಬ ಪ್ರವಾದಿ ಬೋಧನೆ ನಮಗೆಲ್ಲರಿಗೂ ಗೊತ್ತು. ನಾವು ಅದನ್ನು ಹೆಚ್ಚಾಗಿ ಕೆಳಗಿನಿಂದ ಆರಂಭಿಸುತ್ತೇವೆ. ಮನಸ್ಸಿನಲ್ಲಿ ಬೇಸರಪಟ್ಟು, ಬಹಳವೆಂದರೆ ಒಂದು ಮಾತು ಹೇಳಿ, ನನ್ನ ಕರ್ತವ್ಯ ಮುಗಿಯಿತೆಂದು ಕೈಕಟ್ಟಿ ಕೂರುತ್ತೇವೆ. ಕೈಯಿಂದ ಎಂದರೆ ಹೊಡೆಯುವುದೆಂದು ತಿಳಿಯುವವರೂ ಇದ್ದಾರೆ, ಅದು ಬೇರೆ ಮಾತು. ತನ್ನ ಅಧಿಕಾರದೊಳಗೆ ಇರುವುದನ್ನು ತಾನೇ ನಿಲ್ಲಿಸುವುದು ಅದರ ಅರ್ಥ.

ನಮ್ಮ ಮದುವೆ ಮಾತುಕತೆಗಳನ್ನೇ ನೋಡಿ. ಹುಡುಗ ದೀನೀ ಪ್ರಜ್ಞೆಯುಳ್ಳವನು. ವರದಕ್ಷಿಣೆ ಹರಾಮ್ ಎಂದು ಅವನಿಗೆ ಗೊತ್ತು. ಮನೆಯಲ್ಲಿ ಅವನು ಒಂದೆರಡು ಬಾರಿ, "ಬೇಡ ಉಮ್ಮಾ, ಏನೂ ಕೇಳಬೇಡಿ" ಎಂದಿರುತ್ತಾನೆ. ಚಾವಡಿಯಲ್ಲಿ ಮಾವಂದಿರು, ದೊಡ್ಡಪ್ಪಂದಿರು ಕುಳಿತು ಪವನ್‌ಗಳ ಲೆಕ್ಕ ಹಾಕುವಾಗ ಮಾತ್ರ ತಲೆ ತಗ್ಗಿಸುತ್ತಾನೆ. ಯಾರಾದರೂ ಕೇಳಿದರೆ, "ನಾನು ಹೇಳಿ ನೋಡಿದೆ, ದೊಡ್ಡವರು ಕೇಳಲಿಲ್ಲ" ಎನ್ನುತ್ತಾನೆ. ಆದರೆ ವಿಮಾನದ ನಿಯಮದಲ್ಲಿದ್ದ ಅಸ್ಪಷ್ಟತೆ ಇಲ್ಲಿಲ್ಲ. ನಿಕಾಹ್‌ನಲ್ಲಿ ಸ್ವೀಕರಿಸಿದೆನೆಂದು ಹೇಳಬೇಕಾದವನು ಅವನೇ. ದೊಡ್ಡಪ್ಪನ ಸ್ವೀಕಾರದಿಂದ ನಿಕಾಹ್ ಆಗುವುದಿಲ್ಲ. "ಈ ಹಣ ಬರುವುದಾದರೆ ನಾನು ಬರುವುದಿಲ್ಲ" ಎಂದು ಅವನು ಒಮ್ಮೆ ಹೇಳಿದರೆ ಚಾವಡಿಯ ಲೆಕ್ಕವೆಲ್ಲ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಕೂಗಾಡದೆ, ತಾಯಿಯ ಕೈ ಹಿಡಿದು ಮೆಲ್ಲಗೆ ಹೇಳಬಹುದು. ಹೆಣ್ಣು ನೋಡಲು ಹೊರಡುವ ಮೊದಲೇ ಹೇಳಿದರೆ ಇನ್ನೂ ಸುಲಭ. ಎಲ್ಲರೂ ಕುಳಿತು ಮಾತು ಮುಗಿಯುವ ಹೊತ್ತಿಗೆ ರನ್‌ವೇ ಹೆಚ್ಚು ಉಳಿದಿರುವುದಿಲ್ಲ. ಇತ್ತ ಹುಡುಗಿಯ ತಂದೆ ಜಮಾಅತಿನ ಪತ್ರ ಹಿಡಿದು ಜುಮಾ ನಂತರ ಮಸೀದಿ ಬಾಗಿಲಲ್ಲಿ ನಿಲ್ಲುತ್ತಾನೆ. ಅವನ ಕೈಗೆ ಹತ್ತು ರೂಪಾಯಿ ಹಾಕಿ ಮುಂದೆ ಹೋಗುವವರಲ್ಲಿ ವರದಕ್ಷಿಣೆ ಪಡೆದವರೂ ಇರುತ್ತಾರೆ.

ಇಷ್ಟೆಲ್ಲ ಹೇಳಿ ಹೊರೆಯನ್ನು ಕಿರಿಯರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಝುಲ್ ಯದೈನ್(ರ)ರ ಘಟನೆಯಲ್ಲಿ ಕಲಿಯಲು ಹೆಚ್ಚಿರುವುದು ಹಿರಿಯರಿಗೇ. ಪ್ರವಾದಿವರ್ಯರು(ಸ) ಅವರನ್ನು ಗದರಲಿಲ್ಲ. ತನಗೆ ಖಚಿತವಿದ್ದ ಮೇಲೂ ಇತರರನ್ನು ಕೇಳಿ ತಿಳಿದುಕೊಂಡರು, ಎಲ್ಲರ ಮುಂದೆಯೇ ತಿದ್ದಿಕೊಂಡರು. ಇನ್ನೊಂದು ಸಂದರ್ಭದಲ್ಲಿ, ತಾನೂ ಮನುಷ್ಯನೇ, ಮರೆತಾಗ ನೆನಪಿಸಿಕೊಡಿ ಎಂದು ಅವರೇ ಜನರಿಗೆ ಹೇಳಿದ್ದಾರೆ. ನಮ್ಮ ಜಮಾಅತಿನ ಮಹಾಸಭೆಯಲ್ಲಿ ಲೆಕ್ಕಪತ್ರದ ಬಗ್ಗೆ ಒಬ್ಬ ಯುವಕ ಎದ್ದು ಕೇಳಿದರೆ ಅವನಿಗೆ ಸಿಗುವ ಬಿರುದು ಯಾವುದೆಂದು ಎಲ್ಲರಿಗೂ ಗೊತ್ತು. ಒಮ್ಮೆ ಆ ಬಿರುದು ಪಡೆದವನು ಮರುವರ್ಷ ಸಭೆಗೇ ಬರುವುದಿಲ್ಲ. ಅವನು ಮೌನವಾದದ್ದನ್ನು ನಾವು ಶಿಸ್ತೆಂದು ಹೊಗಳುತ್ತೇವೆ.

ಇಮಾಮರು ತಪ್ಪಿದರೆ ಹಿಂದೆ ನಿಂತ ಯಾರೇ ಆಗಲಿ ಸುಬ್‌ಹಾನಲ್ಲಾಹ್ ಎನ್ನಬೇಕೆಂದು ಶರೀಅತ್ ಕಲಿಸಿದೆ. ಆ ಧ್ವನಿ ವ್ಯಾಪಾರಿಯದೋ ಕೂಲಿಯವನದೋ ಎಂದು ಯಾವ ಇಮಾಮರೂ ತಿರುಗಿ ನೋಡುವುದಿಲ್ಲ. ಸ್ತ್ರೀಯರನ್ನೂ ಈ ಹೊಣೆಯಿಂದ ಬಿಟ್ಟಿಲ್ಲ, ಅವರು ಕೈತಟ್ಟಿ ಎಚ್ಚರಿಸಬೇಕು. ಚಾವಡಿಯಲ್ಲಿ ಚಿನ್ನದ ಲೆಕ್ಕ ನಡೆಯುತ್ತಿರುವಾಗ ಒಳಕೋಣೆಯಿಂದ ಆ ಕೈತಟ್ಟುವ ಸದ್ದನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?