ಹನುಮನ ದವಡೆಯೂ ತರುಣರ ಕನ್ನಡಿಯೂ

ಚೈತ್ರ ಶುದ್ಧ ಪೌರ್ಣಮಿಯಂದು ಶ್ರೀಹನುಮಜ್ಜಯಂತಿಯ ನಿಮಿತ್ತ ಮುಖ್ಯಪ್ರಾಣದೇವರ ಸನ್ನಿಧಿಗಳಲ್ಲಿ ಪವಮಾನಹೋಮ, ವಾಯುಸ್ತುತಿ ಪುರಶ್ಚರಣೆ, ಸುಂದರಕಾಂಡ ಪಾರಾಯಣಗಳು ಯಥಾಶಕ್ತಿ ನಡೆಯುವುವು. ಈ ಪರ್ವಕಾಲದಲ್ಲಿ ಸ್ವಾಮಿಯ ನಾಮವೊಂದನ್ನೇ ಹಿಡಿದು ಆಸ್ತಿಕ ಬಂಧುಗಳೊಡನೆ ಸ್ವಲ್ಪ ವಿಚಾರಮಾಡಬೇಕೆಂದು ನಮಗೆ ತೋರಿದೆ.

ಸಂಸ್ಕೃತದಲ್ಲಿ ‘ಹನು’ ಎಂದರೆ ದವಡೆ. ಬಾಲಕನಾದ ಆಂಜನೇಯನು ಉದಯಸೂರ್ಯನನ್ನು ಹಣ್ಣೆಂದು ಬಗೆದು ಆಕಾಶಕ್ಕೆ ನೆಗೆದಾಗ ಇಂದ್ರನು ವಜ್ರಾಯುಧವನ್ನು ಪ್ರಯೋಗಿಸಿದನು. ಪರ್ವತಶಿಖರದ ಮೇಲೆ ಬಿದ್ದ ಬಾಲಕನ ಎಡದವಡೆ ಭಗ್ನವಾಯಿತು. ಅದರಿಂದಲೇ ‘ಹನುಮಂತ’ನೆಂಬ ಹೆಸರು ಬಂದಿತೆಂದು ಕಿಷ್ಕಿಂಧಾಕಾಂಡದ ಕೊನೆಯಲ್ಲಿ ಜಾಂಬವಂತನು ಹೇಳುತ್ತಾನೆ. ವಾಯುದೇವರಿಗೆ ವಸ್ತುತಃ ಗಾಯವೆಲ್ಲಿಯದು, ಇದು ಲೋಕವಿಡಂಬನವೆಂದು ನಮ್ಮ ಹಿರಿಯರು ಸಮಾಧಾನ ಹೇಳುವರು. ‘ಹನ’ ಶಬ್ದವು ಜ್ಞಾನವಾಚಕವೆಂಬ ಅರ್ಥವೂ ನಮ್ಮ ಸಂಪ್ರದಾಯದಲ್ಲಿದೆ. ಲೋಕದ ಕಣ್ಣಿಗೆ ಮುರಿದ ದವಡೆಯವನು, ತಿಳಿದವರಿಗೆ ಪೂರ್ಣಪ್ರಜ್ಞನು. ಎರಡು ಅರ್ಥಗಳೂ ಒಂದೇ ನಾಮದಲ್ಲಿ ಅಡಗಿವೆ.

ಇದನ್ನು ಈಗ ಏಕೆ ಹೇಳುತ್ತಿದ್ದೇವೆಂದರೆ, ಇಂದಿನ ಅನೇಕ ತರುಣರ ಚಿಂತೆಯೆಲ್ಲವೂ ಆ ದವಡೆಯಲ್ಲಿಯೇ ಬಂದು ನಿಂತಿದೆ. ‘ಲುಕ್ಸ್‌ಮ್ಯಾಕ್ಸಿಂಗ್’ ಎಂಬ ಗೀಳೊಂದು ಇಂಗ್ಲಿಷ್ ಮಾತನಾಡುವ ದೇಶಗಳ ಗಂಡುಮಕ್ಕಳ ಅಂತರ್ಜಾಲ ಗೋಷ್ಠಿಗಳಲ್ಲಿ 2010ರ ದಶಕದಲ್ಲಿ ಬೆಳೆದು, 2023ರ ಸುಮಾರಿಗೆ ಮೊಬೈಲಿನ ಕಿರುದೃಶ್ಯಗಳ ಮೂಲಕ ಲೋಕವನ್ನೆಲ್ಲ ವ್ಯಾಪಿಸಿತು. ದವಡೆಯ ಅಂಚು, ಕಣ್ಣಿನ ಕೋನ, ಭುಜದ ಅಗಲ, ಎತ್ತರ ಇವುಗಳನ್ನು ಅಳೆದು ಒಬ್ಬೊಬ್ಬ ಹುಡುಗನಿಗೂ ಅಂಕ ಕೊಡುವರು. ಕಡಮೆ ಅಂಕ ಬಂದವನಿಗೆ ವಿವಾಹವಿಲ್ಲ, ಗೌರವವಿಲ್ಲ, ಬಾಳೇ ಇಲ್ಲವೆಂದು ಹೇಳುವವರೂ ಅಲ್ಲಿದ್ದಾರೆ. ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳ ಕೈಯಲ್ಲಿಯೂ, ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳ ಕೈಯಲ್ಲಿಯೂ ಇರುವುದು ಅದೇ ಯಂತ್ರವಲ್ಲವೆ?

ಇದರಲ್ಲಿ ಎಲ್ಲವೂ ದೋಷವೆಂದು ನಾವು ಹೇಳುವುದಿಲ್ಲ. ಮುಖ ತೊಳೆಯುವುದು, ಕಾಲಕ್ಕೆ ನಿದ್ರಿಸುವುದು, ವ್ಯಾಯಾಮ ಮಾಡುವುದು, ನೆಟ್ಟಗೆ ಕೂರುವುದು ಇವೆಲ್ಲ ಒಳ್ಳೆಯ ನಡತೆಗಳೇ. ಹಿರಿಯರು ಹೇಳಿದಾಗ ಕೇಳದ ಮಗನು ಮೊಬೈಲು ಹೇಳಿದ ಮೇಲೆ ಮುಂಜಾನೆ ಎದ್ದನೆಂದರೆ ಅದಕ್ಕೂ ಸಂತೋಷಪಡೋಣ. ಆದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ನಾಲಗೆಯನ್ನು ಸದಾ ಅಂಗುಳಕ್ಕೆ ಒತ್ತಿಹಿಡಿದರೆ ದವಡೆಯ ಆಕಾರವೇ ಬದಲಾಗುವುದೆಂಬ ಅಭ್ಯಾಸವೊಂದಿದೆ. ಇದಕ್ಕೆ ‘ಮ್ಯೂಯಿಂಗ್’ ಎಂದು ಹೆಸರು ಬಂದದ್ದು ಬ್ರಿಟನ್ನಿನ ಜಾನ್ ಮ್ಯೂ, ಮೈಕ್ ಮ್ಯೂ ಎಂಬ ತಂದೆ-ಮಗ ದಂತವೈದ್ಯರಿಂದ. ಬೆಳೆದ ಮೂಳೆ ಹೀಗೆ ಬದಲಾಗುವುದೆಂಬುದಕ್ಕೆ ಗಟ್ಟಿಯಾದ ಪ್ರಮಾಣವಿಲ್ಲ; ಮಗನ ಹೆಸರನ್ನು ಅಲ್ಲಿಯ ದಂತವೈದ್ಯರ ನೋಂದಣಿಪಟ್ಟಿಯಿಂದ 2024ರಲ್ಲಿ ತೆಗೆದುಹಾಕಲಾಯಿತು. ಇನ್ನು ಕೆಲವರು ಸುತ್ತಿಗೆಯಿಂದ ತಮ್ಮ ಕೆನ್ನೆಯ ಮೂಳೆಗೆ ತಾವೇ ಬಡಿದುಕೊಳ್ಳುವರು! ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಾನು ಹೊಂದಿಸಿಕೊಳ್ಳುವುದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಬರೆದ ತತ್ತ್ವಕ್ಕೆ ಇವರು ಮಾಡಿಕೊಂಡ ಅಪವ್ಯಾಖ್ಯಾನವಿದು. ನಡಿಗೆಯ ಭಾರವು ಬೇರೆ, ಸುತ್ತಿಗೆಯ ಏಟು ಬೇರೆ. ಏಟಿನಿಂದ ಮೂಳೆ ಸೀಳುವುದು, ನರ ಕೆಡುವುದು. ಒಂದು ವಾಕ್ಯವನ್ನು ಪ್ರಕರಣದಿಂದ ಕಿತ್ತು ಅರ್ಥಮಾಡಿದರೆ ಏನಾಗುವುದೆಂಬುದನ್ನು ನಮ್ಮ ವೇದಾಂತದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಎತ್ತರಕ್ಕಾಗಿ ಕಾಲಿನ ಮೂಳೆಯನ್ನು ಕತ್ತರಿಸಿ, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಎಳೆದು ಉದ್ದಮಾಡುವ ಶಸ್ತ್ರಚಿಕಿತ್ಸೆಯೂ ಇದೆ. ಸೈಬೀರಿಯದ ಕುರ್ಗಾನಿನಲ್ಲಿ ಇಲಿಜಾರೋವ್ ಎಂಬ ವೈದ್ಯರು ಈ ಪದ್ಧತಿಯನ್ನು ರೂಪಿಸಿದ್ದು ಮುರಿದ, ಗಿಡ್ಡವಾದ ಕಾಲುಗಳಿಂದ ನರಳುವವರಿಗಾಗಿ. ಅದನ್ನೀಗ ನಡೆಯಬಲ್ಲ ಆರೋಗ್ಯವಂತರೂ ಎರಡು ಮೂರು ಅಂಗುಲದ ಆಸೆಗೆ ತಿಂಗಳುಗಟ್ಟಲೆ ಅನುಭವಿಸುತ್ತಾರೆ.

ಇಲ್ಲಿ ತಂದೆತಾಯಿಗಳು ಗಮನಿಸಬೇಕಾದ ವಿಷಯವೊಂದಿದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಅಂಗಸಾಧಕರನ್ನು ಕುರಿತು ಬರೆಯುತ್ತ, ಉಕ್ಕಿನಂತಹ ದೇಹವುಳ್ಳವರೇ ತಾವು ಕೃಶರೆಂದು ನಂಬಿ ನಾಚಿ ಮರೆಯಾಗುವುದನ್ನು ವರ್ಣಿಸಿದರು. 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗಕೋಶವು ಇದನ್ನು ದೇಹವಿಕೃತಿಭ್ರಮೆಯ ಒಂದು ಬಗೆಯಾಗಿ ಸೇರಿಸಿತು. ನಮ್ಮ ಶಾಸ್ತ್ರದಲ್ಲಿ ಅನ್ಯಥಾಜ್ಞಾನವೆಂಬ ಮಾತಿದೆ. ಚಿಪ್ಪು ಎದುರಿಗಿದ್ದರೂ ಬೆಳ್ಳಿಯೇ ಕಾಣುವಂತೆ, ಆರೋಗ್ಯವಾದ ಮುಖವು ಎದುರಿಗಿದ್ದರೂ ಈ ಹುಡುಗನಿಗೆ ಕುರೂಪವೇ ಕಾಣುತ್ತದೆ. “ಚೆನ್ನಾಗಿಯೇ ಇದ್ದೀಯಲ್ಲೋ, ಹೋಗು” ಎಂದು ಗದರಿಸಿದರೆ ಅದು ಹೋಗದು. ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುವ, ಮದುವೆಮುಂಜಿಗಳಿಗೆ ಬರಲೊಲ್ಲದ, ಊಟ ಬಿಡುವ ಮಗನನ್ನು ವೈದ್ಯರಲ್ಲಿಗೆ ಕರೆದೊಯ್ಯುವುದರಲ್ಲಿ ಯಾವ ಅಪಮಾನವೂ ಇಲ್ಲ. ಜ್ವರಕ್ಕೆ ವೈದ್ಯರು ಬೇಕು, ಇದಕ್ಕೆ ಹರಕೆ ಸಾಕು ಎಂಬ ವಿಭಾಗವನ್ನು ಯಾವ ಶಾಸ್ತ್ರವೂ ಮಾಡಿಲ್ಲ.

ಈ ಅಳತೆಗೋಲನ್ನು ಮಕ್ಕಳ ಕೈಗೆ ಮೊದಲು ಕೊಟ್ಟವರು ಯಾರು? ವಿದೇಶದ ಗೋಷ್ಠಿಗಳು ಬರುವುದಕ್ಕೆ ಮುಂಚೆಯೇ ವಧೂವರರ ಪಟ್ಟಿಯಲ್ಲಿ ಗೋತ್ರ, ನಕ್ಷತ್ರಗಳ ಪಕ್ಕದಲ್ಲಿ ಎತ್ತರವೂ ಬಣ್ಣವೂ ಬಂದು ಕುಳಿತಿದ್ದವು. ಹೆಣ್ಣುಮಕ್ಕಳು ತಲೆಮಾರುಗಳಿಂದ ಈ ತೂಕಕ್ಕೆ ಗುರಿಯಾಗಿ ನೊಂದಿದ್ದಾರೆ. ಗಂಡುಮಕ್ಕಳ ಸರದಿ ಈಗ ಬಂದಿದೆ. 2005ರಲ್ಲಿ ಪುರುಷರಿಗೆಂದೇ ಬಿಳುಪಿನ ಲೇಪನವು ನಮ್ಮ ದೇಶದ ಅಂಗಡಿಗಳಿಗೆ ಬಂದಿತು. ಪಂಕ್ತಿಯಲ್ಲಿ ಕುಳಿತ ಹುಡುಗನನ್ನು “ಕರಿಯ”, “ಕುಳ್ಳ”, “ಕಡ್ಡಿ ಪೈಲವಾನ” ಎಂದು ನಗೆಯಾಡುವ ಸೋದರಮಾವಂದಿರು ಯಾವ ಮನೆಯಲ್ಲಿ ಇಲ್ಲ? ಇದೆಲ್ಲವೂ ಕಾರ್ಮೋಡದ ಮೈಬಣ್ಣದ ಶ್ರೀಕೃಷ್ಣನ ಎದುರಿನಲ್ಲಿಯೇ ನಡೆಯುತ್ತದೆ!

ಹಾಗಾದರೆ ದೇಹವನ್ನು ತಿರಸ್ಕರಿಸಬೇಕೆ? ನಮ್ಮ ಮತದಲ್ಲಿ ಅಂತಹ ಮಾತಿಗೆ ಎಡೆಯಿಲ್ಲ. ಹನುಮ, ಭೀಮ, ಮಧ್ವ ಈ ಮೂರು ಅವತಾರಗಳಲ್ಲಿ ಬಲವಿಲ್ಲದ ಅವತಾರ ಯಾವುದು? ಶ್ರೀಮದಾಚಾರ್ಯರು ಬಾಲ್ಯದಲ್ಲಿ ಓಟ, ನೆಗೆತ, ಈಜು, ಮಲ್ಲಯುದ್ಧಗಳಲ್ಲಿ ಸಂಗಡಿಗರನ್ನು ಮೀರಿಸಿದರೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು ವರ್ಣಿಸುತ್ತದೆ. ಕಳಸದ ಸಮೀಪದ ಅಂಬುತೀರ್ಥದಲ್ಲಿ ಭದ್ರಾನದಿಯ ನಡುವೆ ಅವರು ಒಂದೇ ಕೈಯಿಂದ ತಂದಿರಿಸಿದರೆನ್ನುವ ಬಂಡೆಯನ್ನು ಯಾತ್ರಿಕರು ಇಂದಿಗೂ ನೋಡುತ್ತಾರೆ. ಅದನ್ನು ಹೇಳುವ ಶಿಲಾಲೇಖವೂ ಅಲ್ಲಿದೆ. ದ್ವಾತ್ರಿಂಶಲ್ಲಕ್ಷಣಗಳೆಂದು ದೇಹದ ಶುಭಚಿಹ್ನೆಗಳನ್ನು ಎಣಿಸಿದ ಪರಂಪರೆಯೂ ನಮ್ಮದೇ. ಆದರೆ ಆ ಬಲವನ್ನು ಯಾರೂ ಕನ್ನಡಿಗೆ ತೋರಿಸಲಿಲ್ಲ. ಬಂಡೆ ಹೊತ್ತ ತೋಳುಗಳೇ ಭಾಷ್ಯಗಳ ಓಲೆಯನ್ನೂ ಹಿಡಿದವು.

ತಾರತಮ್ಯವನ್ನು ಒಪ್ಪಿದವರು ನಾವು. ಆದುದರಿಂದಲೇ ಅಂಕಗಳ ಈ ತಾರತಮ್ಯವು ಎಷ್ಟು ಸುಳ್ಳೆಂಬುದು ನಮಗೆ ಬೇಗ ತಿಳಿಯಬೇಕು. ಜೀವರ ತಾರತಮ್ಯವು ಸ್ವರೂಪಯೋಗ್ಯತೆಯದು, ಜ್ಞಾನಭಕ್ತಿಗಳಲ್ಲಿ ಪ್ರಕಾಶವಾಗತಕ್ಕದ್ದು; ಮೂಳೆಯ ಕೋನದ್ದಲ್ಲ. ಕನ್ನಡಿಯಲ್ಲಿ ಕಾಣುವುದು ಸ್ಥೂಲದೇಹವೊಂದೇ. ಅನಿರುದ್ಧದೇಹ, ಲಿಂಗದೇಹಗಳನ್ನೂ ದಾಟಿ ಒಳಗಿರುವ ಸ್ವರೂಪದೇಹವು ಬಿಂಬನಾದ ಶ್ರೀಹರಿಗೆ ಪ್ರತಿಬಿಂಬ. ಒಡೆದುಹೋಗುವ ಗಾಜಿನಲ್ಲಿಯ ಪ್ರತಿಬಿಂಬವಲ್ಲ, ಬಿಂಬಾಧೀನವಾಗಿ ನಿತ್ಯವಾಗಿರುವಂಥದು. ಜೀವ ಜೀವಕ್ಕೂ ಭೇದವುಂಟೆಂದು ಆಚಾರ್ಯರು ಸಾರಿದರು. ಎಲ್ಲರ ಮುಖಗಳನ್ನೂ ಒಂದೇ ಅಚ್ಚಿಗೆ ಒತ್ತಹೊರಟ ಈ ಗೀಳಿಗೆ ಅದು ಗೊತ್ತಿಲ್ಲ.

ಉಪನಯನವಾದ ವಟುವಿನ ಸಂಧ್ಯಾವಂದನೆಯ ಸಾಮಗ್ರಿಯಲ್ಲಿಯೂ ಪುಟ್ಟ ಕನ್ನಡಿಯೊಂದಿರುವುದುಂಟು. ಕೇಶವಾದಿ ನಾಮಗಳನ್ನು ಸ್ಮರಿಸುತ್ತ ಹಣೆ, ಉದರ, ಎದೆ, ಕಂಠ, ತೋಳುಗಳೆಂದು ಹನ್ನೆರಡು ಕಡೆ ಗೋಪೀಚಂದನವನ್ನು ಧರಿಸುವಾಗ ಆ ದೇಹವು ಒಂದೊಂದು ಎಡೆಯಲ್ಲಿಯೂ ಒಂದೊಂದು ಭಗವದ್ರೂಪದ ಮನೆಯಾಗುತ್ತದೆ. ಮಗನು ಕನ್ನಡಿ ನೋಡುವುದನ್ನು ನಿಲ್ಲಿಸಬೇಕಿಲ್ಲ. ತಂದೆಯು ಪಕ್ಕದಲ್ಲಿ ಕುಳಿತು ತಾನೂ ನಾಮ ಹಚ್ಚಿಕೊಳ್ಳಲಿ. ಮಾತಿಗಿಂತ ಅದು ಬೇಗ ತಾಗುವುದೆಂದು ನಮ್ಮ ನಂಬಿಕೆ.

ಈ ಸಲದ ಪಾರಾಯಣದಲ್ಲಿ ಲಂಕಾಪ್ರವೇಶದ ಭಾಗ ಬಂದಾಗ ಮನೆಯ ತರುಣರನ್ನು ಹತ್ತಿರ ಕೂರಿಸಿಕೊಂಡು ಅರ್ಥ ಹೇಳಿರಿ. ಸಮುದ್ರಲಂಘನಕ್ಕೆಂದು ಪರ್ವತದಂತೆ ಬೆಳೆದ ಸ್ವಾಮಿಯು ಸೂರ್ಯಾಸ್ತವಾದ ಮೇಲೆ ಬೆಕ್ಕಿನಷ್ಟು ಸಣ್ಣವನಾಗಿ ಊರೊಳಗೆ ಕಾಲಿಟ್ಟನು. ಸೀತಾದೇವಿಯನ್ನು ಹುಡುಕಲು ಆ ರಾತ್ರಿ ಅಷ್ಟೇ ಎತ್ತರ ಬೇಕಾಗಿತ್ತು.

ಶ್ರೀಕೃಷ್ಣಾರ್ಪಣಮಸ್ತು