ದಿನದ ಚಿಂತನೆ: ಶಾಲೆಯ ಅಂಗಳದ ನಾಯಿ



ಬಳಗದ ಉಪಾಸಿಕೆಯೊಬ್ಬರು ಕೇಳಿದರು: "ಸರ್, ಸಾಲ್ಯಾಗಿನ ನಾಯಿ ಹೊರಗ ಹಾಕ್ರಿ ಅಂತ ಕೋರ್ಟ್ ಹೇಳೈತಿ. ಎಲ್ಲಾ ಜೀವಿಗಳ ಮ್ಯಾಲ ದಯೆ ಇಡ್ತೀವಿ ಅಂತ ನಾವು ಪ್ರತಿಜ್ಞೆ ಮಾಡೀವಿ. ಯಾವುದು ಹಿಡೀಬೇಕು?"

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಕಡೆ ಇರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಆಶ್ರಯ ಕೇಂದ್ರಕ್ಕೆ ಸೇರಿಸಬೇಕು. ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು. ಪ್ರತಿ ಶಾಲೆಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು, ಕಂಪೌಂಡ್, ಗೇಟು ಭದ್ರ ಇರಬೇಕು. ಪ್ರಾಣಿಗಳ ಹತ್ತಿರ ಹೇಗೆ ನಡೆದುಕೊಳ್ಳಬೇಕು, ಕಚ್ಚಿದರೆ ಏನು ಮಾಡಬೇಕು ಎಂದು ಮಕ್ಕಳಿಗೆ ತಿಳಿಸಬೇಕು ಎಂದೂ ಅದರಲ್ಲಿದೆ. ಈ ಮಾತು ಮಾತ್ರ ಯಾರ ಬಾಯಲ್ಲೂ ಕೇಳುವುದಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ವಿವರಿಸುವಾಗ ನಿಯಮ ಬೇರೆ, ತತ್ವ ಬೇರೆ ಎನ್ನುತ್ತಾರೆ. ನಿಯಮ ಕಟ್ಟಿಹಾಕುತ್ತದೆ, ತತ್ವ ಯೋಚಿಸಿ ನಡೆಯಲು ಬಿಡುತ್ತದೆ. ಬುದ್ಧರ ಅಹಿಂಸೆ ತತ್ವ. ಕರುಣೆ ಮನುಷ್ಯರಿಗೆ, ಮೈತ್ರಿ ಜೀವವಿರುವ ಎಲ್ಲಕ್ಕೂ ಎಂದೂ ಅವರು ಬಿಡಿಸಿ ಹೇಳಿದ್ದಾರೆ. ಹಾಗಾದರೆ ಒಂದನೇ ತರಗತಿಯ ಕೂಸಿಗೆ ನಾಯಿ ಕಚ್ಚಲಿ ಬಿಡು ಎನ್ನುವುದು ಮೈತ್ರಿಯಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ನಾಯಿ ಶಾಲೆಯ ಹೊರಗಿರಲಿ, ಇದರಲ್ಲಿ ನನಗೆ ಅನುಮಾನವಿಲ್ಲ. ಆ ಉಪಾಸಿಕೆಯ ಪ್ರಶ್ನೆಗೆ ಇಷ್ಟು ಉತ್ತರ ಸಾಕಿತ್ತು.

ಆದರೆ ಅಲ್ಲೇ ಕೂತಿದ್ದ ಹಿರಿಯರೊಬ್ಬರು, "ನಾಯಿಗೆ ಇಷ್ಟು ವಕೀಲರು, ನಮಗ ಯಾರಿದ್ರು?" ಅಂದರು. ಸುಳ್ಳಲ್ಲ. ಮಹಾಡಿನ ಚವದಾರ ಕೆರೆಯಲ್ಲಿ ದನ, ನಾಯಿ ನೀರು ಕುಡಿಯುತ್ತಿದ್ದವು. 1927ರ ಮಾರ್ಚ್ 20ರಂದು ಬಾಬಾಸಾಹೇಬರೊಂದಿಗೆ ನಮ್ಮವರು ಅದೇ ನೀರು ಮುಟ್ಟಿದ್ದಕ್ಕೆ ಬಡಿದರು. ಆಮೇಲೆ ಕೆರೆಯನ್ನು 'ಶುದ್ಧ' ಮಾಡಿದ್ದು ಸಗಣಿ, ಗಂಜಲ ಬೆರೆಸಿದ ಪಂಚಗವ್ಯದಿಂದ! ಈ ಸಿಟ್ಟು ನನ್ನೊಳಗೂ ಇದೆ. ಆದರೂ ನಮ್ಮನ್ನು ಕೆರೆಯಿಂದ ದೂರ ಇಟ್ಟದ್ದು ನಾಯಿಯಲ್ಲ. ಸಿಟ್ಟನ್ನು ಅದರ ಬೆನ್ನಿನ ಮೇಲೆ ತೀರಿಸುವುದರಲ್ಲಿ ಅರ್ಥವಿಲ್ಲ.

ನನ್ನನ್ನು ಕಾಡುವುದು ಬೇರೆ ಸಂಗತಿ. ನಾಯಿಯನ್ನು ಹೊರಗೆ ಹಾಕುವ ಕೈ ಯಾರದು? ಒಂದು ಶಾಲೆಯಲ್ಲಿ ನಾನು ಕಂಡಂತೆ, ಬಿಸಿಯೂಟಕ್ಕೆ ಗಂಟೆ ಹೊಡೆದ ಕೂಡಲೇ ಒಬ್ಬ ಹುಡುಗನಿಗೆ, "ಏ ತಮ್ಮಾ, ಬಡಿಗಿ ಹಿಡಕೊಂಡು ನಿಂದ್ರು" ಎಂದರು. ಉಳಿದವರು ಪಂಕ್ತಿಯಲ್ಲಿ ಕೂತು ಉಂಡರು. ಹುಡುಗ ನಮ್ಮ ಕೇರಿಯವನು. ಸತ್ತ ದನ, ನಾಯಿ ಎಳೆದುಹಾಕುವ ಕೆಲಸ ಯಾರ ಪಾಲಿಗಿತ್ತೋ, ಬದುಕಿದ ನಾಯಿ ಓಡಿಸುವ ಕೆಲಸವೂ ಅವರ ಮಕ್ಕಳಿಗೇ ಬಂತು. ಕೋರ್ಟ್ ಹೇಳಿದ್ದು ನೋಡಲ್ ಅಧಿಕಾರಿ ಎಂದು, ಐದನೇ ತರಗತಿಯ ಹುಡುಗ ಎಂದಲ್ಲ. ನಾಯಿ ಹಿಡಿಯುವುದು ತರಬೇತಿ ಇದ್ದವರ ಕೆಲಸ. ಶಾಲೆಯವರು ಗ್ರಾಮ ಪಂಚಾಯಿತಿಗೆ ಬರೆದು, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಪಾಲಕರು ಎಸ್‌ಡಿಎಂಸಿ ಸಭೆಯಲ್ಲಿ ಎದ್ದು, "ಬಡಿಗಿ ಯಾರ ಕೈಯಾಗ ಕೊಟ್ಟೀರಿ?" ಎಂದು ಕೇಳಬೇಕು.

ನಾಯಿ ಶಾಲೆಗೆ ಬರುವುದಾದರೂ ಯಾಕೆ? ತಟ್ಟೆಯಲ್ಲಿ ಬಿಟ್ಟ ಅನ್ನ ಸಾರನ್ನು ಗೋಡೆಯ ಪಕ್ಕ ಚೆಲ್ಲುತ್ತೇವೆ, ಅದಕ್ಕೆ. ದಿನಾ ಅಲ್ಲೇ ಚೆಲ್ಲಿ, ದಿನಾ ಅಲ್ಲೇ ಕಲ್ಲು ಎಸೆಯುವುದು ಎಂಥ ನ್ಯಾಯ? ಮುಚ್ಚಳವಿರುವ ಬಕೆಟ್ ಇಡಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಹತ್ತಿರದ ಮಸ್ಕಿಯ ಬಂಡೆಯ ಮೇಲೆ ಹೆಸರು ಬರೆಸಿದ ಅಶೋಕ, ತನ್ನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದ್ದಾಗಿ ಹೇಳುತ್ತಾನೆ. ಎರಡನ್ನೂ ಒಟ್ಟಿಗೇ ಹೇಳಿದ್ದಾನೆ, ಒಂದರ ಬದಲಿಗೆ ಒಂದಲ್ಲ.

ಇವತ್ತು ಮನೆಯ ಮಕ್ಕಳಿಗೆ ಇಷ್ಟು ತಿಳಿಸಿ: ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ಕಚ್ಚಿದರೆ ಮುಚ್ಚಿಡದೆ ಹೇಳಬೇಕು. ಗಾಯಕ್ಕೆ ಖಾರ, ಸುಣ್ಣ ಹಚ್ಚದೆ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಭವತು ಸಬ್ಬ ಮಂಗಲಂ. ಜೈ ಭೀಮ್.