ಮದ್ಯತ್ಯಾಗ ಮತ್ತು ದೇಹಶಕ್ತಿ

ಶ್ರಾವಕನ ಅಷ್ಟಮೂಲಗುಣಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರೂ ಅಮೃತಚಂದ್ರಾಚಾರ್ಯರೂ ಮೊದಲು ಹೆಸರಿಸಿರುವುದು ಮದ್ಯವನ್ನೇ. ಈ ತ್ಯಾಗವು ಹುಟ್ಟಿನೊಡನೆಯೇ ಬಂದಿರುವ ನಮ್ಮ ಮನೆಗಳಲ್ಲಿ ಇದರ ವಿಚಾರವೇಕೆ ಎಂದು ಧರ್ಮಬಂಧುಗಳು ಕೇಳಬಹುದು. ಊರು ಬಿಟ್ಟು ಬಂದು ಪೀಣ್ಯದ ಕಾರ್ಖಾನೆಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳನ್ನು ಬಲ್ಲವರು ಹಾಗೆ ಕೇಳಲಾರರು.

ಪೀಣ್ಯದಲ್ಲಿ ಪವರ್ ಪ್ರೆಸ್ ನಡೆಸುವ ಒಬ್ಬ ಗೃಹಸ್ಥನ ಸಂಗತಿಯಿದು. ಹನ್ನೆರಡು ವರ್ಷ ಪ್ರತಿ ರಾತ್ರಿಯೂ ಕುಡಿಯುತ್ತಿದ್ದ ಅವನು ತಂದೆಯ ಕಣ್ಣೀರಿಗೆ ಕರಗಿ, ದಶಲಕ್ಷಣ ಪರ್ವದ ಮೊದಲ ದಿನ ಬಸದಿಯಲ್ಲಿ ಯಾವಜ್ಜೀವ ಮದ್ಯತ್ಯಾಗದ ನಿಯಮವನ್ನು ಹಿಡಿದನು. ಪ್ರಾಯಶ್ಚಿತ್ತವೆಂದು ಮೂರು ದಿನಗಳ ನಿರ್ಜಲ ಉಪವಾಸವನ್ನೂ ಕೂಡಿಸಿಕೊಂಡನು. ಮೆಚ್ಚಿ ತಲೆದೂಗಿದವರಲ್ಲಿ ಈ ಲೇಖಕನೂ ಒಬ್ಬ. ಅಂದು ಸಂಜೆಗೇ ಅವನ ಕೈಗಳು ನಡುಗತೊಡಗಿದವು. ಮರುದಿನ ರಾತ್ರಿ ಸೆಳವು ಬಂದಿತು. ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಂಡು ಕೂಗಿದನು, ತಾಯಿಯನ್ನು ಗುರುತಿಸಲಿಲ್ಲ. ಪಾಪೋದಯವೆಂದು ಕೆಲವರು, ಮನೋದಾರ್ಢ್ಯವಿಲ್ಲವೆಂದು ಕೆಲವರು ಆಡಿಕೊಳ್ಳುತ್ತಿರುವಾಗ ಅವನನ್ನು ಆಸ್ಪತ್ರೆಗೆ ಒಯ್ದವರು ನೆರೆಮನೆಯವರು. ಗುಣಹೊಂದಿ ಬಂದ ಮೇಲೆ ಅವನು ಕೇಳಿದನು: “ನನಗೆ ಮಾತ್ರೆ ಕೊಟ್ಟರಲ್ಲ, ನನ್ನ ವ್ರತ ಭಂಗವಾಯಿತೇ ಅಣ್ಣಾ?”

ಉತ್ತರಿಸುವ ಮೊದಲು ಮದ್ಯವು ದೇಹದೊಳಗೆ ಮಾಡುವುದೇನೆಂಬುದನ್ನು ತಿಳಿಯಬೇಕು. ಅಂಗಡಿಯಲ್ಲಿ ದೊರೆಯುವ ೧೮೦ ಮಿಲಿಲೀಟರಿನ ವಿಸ್ಕಿ ಅಥವಾ ರಮ್ಮಿನ ಪೊಟ್ಟಣದಲ್ಲಿ ಸುಮಾರು ೬೦ ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದನ್ನು ಕರಗಿಸುವ ಹೊಣೆ ಬಹುಪಾಲು ಯಕೃತ್ತಿನದು. ಅದಾದರೋ ಗಂಟೆಗೆ ಏಳರಿಂದ ಹತ್ತು ಗ್ರಾಂಗಳಷ್ಟನ್ನು ಮಾತ್ರ ನಿರ್ವಹಿಸಬಲ್ಲದು. ರಾತ್ರಿ ಹನ್ನೊಂದಕ್ಕೆ ಕುಡಿದು ಮಲಗಿದವನು ಬೆಳಗಿನ ಆರರ ಪಾಳಿಗೆ ಪ್ರೆಸ್ಸಿನ ಮುಂದೆ ನಿಲ್ಲುವಾಗ ರಕ್ತದಲ್ಲಿ ಮದ್ಯವು ಇನ್ನೂ ಉಳಿದಿರಬಹುದು. ಬೆರಳುಗಳ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅತಿಪಾನದಿಂದ ಯಕೃತ್ತಿನಲ್ಲಿ ಮೊದಲು ಕೊಬ್ಬು ತುಂಬುತ್ತದೆ. ಆಗಲೇ ಬಿಟ್ಟರೆ ಕೆಲವು ವಾರಗಳಲ್ಲಿ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಬಿಡದಿದ್ದರೆ ಯಕೃತ್ತು ಗಂಟುಗಟ್ಟಿ ಸಿರೋಸಿಸ್ ಆಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಒಡೆದು ರಕ್ತ ವಾಂತಿಯಾಗುತ್ತದೆ. ಮದ್ಯವು ಕ್ಯಾನ್ಸರ್‌ಕಾರಕವೆಂದು ೧೯೮೮ರಲ್ಲೇ ನಿರ್ಣಯವಾಗಿದೆ. ಮಿತವಾಗಿ ಕುಡಿದರೆ ಬಾಧಕವಿಲ್ಲ ಎನ್ನುವ ವಿದ್ಯಾವಂತರಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ೨೦೨೩ರಲ್ಲಿ, ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಹೇಳಿದೆ.

ಇಷ್ಟನ್ನು ಅನೇಕರು ಬಲ್ಲರು. ನಾವು ಅರಿಯದೇ ಇದ್ದದ್ದು ಮಿದುಳಿನ ಸಂಗತಿ. ಮದ್ಯವು ಮಿದುಳನ್ನು ಮಂಕುಗೊಳಿಸುತ್ತದೆ. ನಿತ್ಯವೂ ಅತಿಯಾಗಿ ಕುಡಿಯುವವನಲ್ಲಿ ಮಿದುಳು ಆ ಮಂಕನ್ನು ಎದುರಿಸಲು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತಾಗ ಉದ್ರೇಕವೊಂದೇ ಉಳಿಯುತ್ತದೆ. ಕೆಲವು ಗಂಟೆಗಳಲ್ಲಿ ನಡುಕ, ಎರಡು ದಿನಗಳೊಳಗೆ ಸೆಳವು, ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಬರಬಹುದು. ಚಿಕಿತ್ಸೆಯಿಲ್ಲದಿದ್ದರೆ ಸನ್ನಿ ಪ್ರಾಣಾಂತಿಕ. ಇಂತಹವನ ದೇಹದಲ್ಲಿ ಥಯಾಮಿನ್ ಎಂಬ ಬಿ೧ ಜೀವಸತ್ವವೂ ಬರಿದಾಗಿರುವುದುಂಟು; ಉಪವಾಸ ಕೂಡಿದರೆ ಆಪತ್ತು ಇಮ್ಮಡಿ. ೨೦೨೦ರ ಮಾರ್ಚ್ ಕೊನೆಯಲ್ಲಿ ರಾಜ್ಯದ ಮದ್ಯದಂಗಡಿಗಳೆಲ್ಲ ಮುಚ್ಚಿ, ಮೇ ೪ರವರೆಗೆ ತೆರೆಯಲಿಲ್ಲ. ಬಲವಂತದ ಆ ತ್ಯಾಗದ ದಿನಗಳಲ್ಲಿ ತೀವ್ರ ಸ್ವರೂಪದ ಇದೇ ವ್ಯಾಧಿಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿತೆಂದು ನಿಮ್ಹಾನ್ಸ್ ವೈದ್ಯರು ದಾಖಲಿಸಿದರು. ಅವರೆಲ್ಲರ ಮನಸ್ಸೂ ದುರ್ಬಲವೆಂದು ಹೇಳುವವರು ಯಾರು?

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂದು ಶಕ್ತಿಯ ಮಾತು ಎರಡು ಬಾರಿ ಬಂದಿದೆ. ಅಲ್ಲಿಯ ತ್ಯಾಗವೆಂದರೆ ದಾನವೆಂದು ಪಂಡಿತರು ಆಕ್ಷೇಪಿಸಬಹುದು; ತಪಸ್ಸಿನ ವಿಷಯದಲ್ಲಿ ಆ ಆಕ್ಷೇಪಕ್ಕೂ ಎಡೆಯಿಲ್ಲ. ಹಾಗೆಂದು “ನನಗೆ ಶಕ್ತಿಯಿಲ್ಲ, ದಿನಕ್ಕೆ ಸ್ವಲ್ಪ ಕುಡಿಯುತ್ತೇನೆ” ಎಂಬುದಕ್ಕೆ ಇದು ಸಮರ್ಥನೆಯಲ್ಲ. ತ್ಯಾಗ ಪೂರ್ಣವಾಗಿಯೇ ಇರಲಿ. ಅದನ್ನು ದೇಹ ತಾಳುವಂತೆ ಮಾಡುವುದು ವೈದ್ಯನ ಕೆಲಸ.

ಇನ್ನು ಮಾತ್ರೆಯ ಪ್ರಶ್ನೆ. ಅದೂ ಮಂಪರು ತರುತ್ತದಲ್ಲ ಎಂದರೆ, ನಿಜ. ಅಂಕೆಯಿಲ್ಲದೆ ನುಂಗಿದರೆ ಅದೂ ಚಟವಾದೀತು. ಆದುದರಿಂದಲೇ ವೈದ್ಯರು ಪ್ರಮಾಣವನ್ನು ದಿನದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಅಮೃತಚಂದ್ರಾಚಾರ್ಯರ ವಿಚಾರದಂತೆ ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಿತನು ಧರ್ಮವನ್ನು ಮರೆತು ನಿಶ್ಶಂಕೆಯಿಂದ ಹಿಂಸೆಗಿಳಿಯುತ್ತಾನೆ. ತಾಯಿಯನ್ನೇ ಮರೆತಿದ್ದವನಿಗೆ ನೆನಪನ್ನು ಮರಳಿಸಿದ ಔಷಧವನ್ನು ಮದ್ಯದ ಸಾಲಿನಲ್ಲಿ ಇರಿಸಲಾಗದು. ಅವನ ಉಪವಾಸ ಮುರಿಯಿತು, ಅದನ್ನು ಮರೆಮಾಚಬೇಕಾಗಿಲ್ಲ, ಮದ್ಯತ್ಯಾಗ ಮುರಿಯಲಿಲ್ಲ. ಅವನಿಗೆ ಹೀಗೆಯೇ ಹೇಳಿದೆ. ಹನ್ನೆರಡು ವರ್ಷ ಕುಡಿದವನನ್ನು ಒಂದು ಮಾತೂ ಕೇಳದೆ ನಿರ್ಜಲ ಉಪವಾಸಕ್ಕೆ ಕಳುಹಿಸಿದ ನಮ್ಮ ಪ್ರಮಾದಕ್ಕೆ ಪ್ರಾಯಶ್ಚಿತ್ತವೇನು ಎಂದು ಅವನು ಕೇಳಲಿಲ್ಲ.

ಮರುವರ್ಷದ ಪರ್ವದಲ್ಲಿ ಅವನು ಏಕಾಶನವನ್ನಷ್ಟೇ ಮಾಡಿದನು. ಅವನ ಜೊತೆಗಾರನೊಬ್ಬ ಅದೇ ನಿಯಮ ಬೇಡಿ ಬಂದಾಗ ಅವನ ತಂದೆಯು, “ಕೊನೆಯ ಬಾರಿ ಕುಡಿದದ್ದು ಯಾವಾಗಪ್ಪ? ದಿನಕ್ಕೆ ಎಷ್ಟು?” ಎಂದು ವಿಚಾರಿಸಿ, ಆ ಸಂಜೆಯೇ ಮಗನನ್ನು ಜೊತೆಮಾಡಿ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಕಳುಹಿಸಿದರು.